ರಕ್ತದಲ್ಲಿ ಕಂಡ ಗಂಡು

ನವೆಂಬರ್ 14, ಮಂಗಳವಾರ

ಕ್ಲಿನಿಕ್ಕಿನವರು ರಕ್ತದ ಟ್ಯೂಬು ಅದಲುಬದಲು ಮಾಡಿದ್ದಾರೆಂದೇ ನಂಬಿದ್ದೆ. ಹೋದ ತಿಂಗಳು ಸೊಸೆ ಪುಯ್-ಶಾನಳ ರಕ್ತ ನೋಡಿ ಗಂಡುಮಗು ಎಂದು ಬರೆದುಕೊಟ್ಟವರು, ಇಂದು ಸ್ಕ್ಯಾನಿನಲ್ಲಿ ಹೆಣ್ಣು ಎಂದರು.

"ಯಾರ ರಕ್ತಾನೋ ನಮ್ ತಲೆಗೆ ಕಟ್ಟಿದೀರಿ. ಹೆಣ್ಣಾದ್ರೆ ಸಂತೋಷಾನೇ, ಆದ್ರೆ ಆ ಗಂಡು ಯಾರದು ಹೇಳಿ," ಎಂದು ವೈದ್ಯೆಯನ್ನೇ ಹಿಡಿದುಕೊಂಡೆ.

ಸೊಸೆ ನನ್ನ ತೋಳು ಜಗ್ಗಿದಳು. "ಬಿಡಿ ಅತ್ತೆ. ಆ ಗಂಡು ನಮ್ಮಣ್ಣ."

ಮದುವೆಗೆ ಮುಂಚೆ ಅವಳ ಎರಡೂ ಮೂತ್ರಪಿಂಡ ಕೆಟ್ಟು, ಅಣ್ಣ ತನ್ನದೊಂದನ್ನು ಕೊಟ್ಟಿದ್ದನಂತೆ. ಮಗುವಿನ ಡಿಎನ್ಎ ಚೂರುಗಳು ತಾಯಿಯ ರಕ್ತದಲ್ಲಿ ತೇಲುವ ಹಾಗೆ ಆ ಮೂತ್ರಪಿಂಡದ ಚೂರುಗಳೂ ತೇಲುತ್ತವಂತೆ. ಯಂತ್ರ ಅದನ್ನೇ ಮಗು ಅಂದುಕೊಂಡಿತು.

"ಫಾರಮ್ಮಲ್ಲಿ ಕೇಳಿದ್ವಲ್ಲ, ಯಾಕೆ ಬರೀಲಿಲ್ಲ?" ಎಂದರು ವೈದ್ಯೆ.

"ಅತ್ತೆ ಪಕ್ಕದಲ್ಲೇ ಕೂತಿದ್ರು. ಒಂದಕ್ಷರ ಬಿಡದೆ ಓದ್ತಿದ್ರು."

ಓದುತ್ತಿದ್ದೆ, ನಿಜ. ಮಗ ಕಾ-ಲೋಕನಿಗೂ ಗೊತ್ತಿತ್ತಂತೆ. ತಿಳಿದರೆ ನಾನು ಮದುವೆಗೆ ಒಪ್ಪುವುದಿಲ್ಲ ಎಂದು ಇಬ್ಬರೂ ಹೆದರಿದ್ದರಂತೆ. ಒಪ್ಪುತ್ತಿದ್ದೆನೋ ಇಲ್ಲವೋ, ನನ್ನ ಮೇಲೆ ನನಗೇ ನಂಬಿಕೆಯಿಲ್ಲ. ಮೂರು ವರ್ಷ ಅವಳು ನನ್ನ ಉಪ್ಪುಮೀನನ್ನು ಬಟ್ಟಲಿನ ಅಂಚಿಗೆ ಸರಿಸಿದಾಗಲೆಲ್ಲ, ಆ ಮೂತ್ರಪಿಂಡಕ್ಕೆ ಉಪ್ಪು ಆಗದೆಂದು ತಿಳಿಯದೆ, ಜಂಬ ಅಂದುಕೊಂಡವಳು ನಾನು.

ಈಗ ಅನುಮಾನ ಬೇರೆ ಕಡೆ ಹೊರಳಿದೆ. ಮೂತ್ರಪಿಂಡವನ್ನು ಮೈ ಒಲ್ಲೆನೆಂದರೆ ರಕ್ತದಲ್ಲಿ ಅಣ್ಣನ ಚೂರುಗಳು ಹೆಚ್ಚುತ್ತವಂತೆ. ಗಾಬರಿ ಬೇಡ ಎಂದ ವೈದ್ಯೆಯೇ, ಗುರುವಾರ ಕೌಲೂನಿನ ದೊಡ್ಡಾಸ್ಪತ್ರೆಯಲ್ಲಿ ಅದನ್ನು ಅಳೆಸಿ ಎಂದು ಚೀಟಿ ಬರೆದರು. ದಾರಿಯುದ್ದಕ್ಕೂ ಸೊಸೆ ನಗುತ್ತಲೇ ಇದ್ದಳು. ಆ ನಗು ನನಗೆ ಹಿಡಿಸಲಿಲ್ಲ. ಪಾದ ಊದಿದೆಯಲ್ಲ ಎಂದರೆ, ಬಸುರಿಯರಿಗೆಲ್ಲ ಊದುತ್ತದೆ ಎಂದಳು. ಊದುತ್ತದೆ, ನನಗೂ ಊದಿತ್ತು. ಆದರೆ ಇಷ್ಟು ಬೇಗ, ಐದನೇ ತಿಂಗಳಿಗೇ ಊದಿರಲಿಲ್ಲ.