ತೆನೆಯ ಟೋಪಿ

ಜೋಳದ ವಿಭಾಗ,
ಸೋಮವಾರ ಮಧ್ಯಾಹ್ನ

ಮುದ್ದು ಗುಬ್ಬಿ,

ಪತ್ರ ನೋಡಿ ಗಾಬರಿಯಾಗಬೇಡ, ಯಾರಿಗೂ ಏನೂ ಆಗಿಲ್ಲ. ನನ್ನ ಫೋನನ್ನು ನೀನು ಎತ್ತುವುದಿಲ್ಲ. ಪತ್ರವನ್ನಾದರೆ ಒಡೆದೇ ಒಡೆಯುತ್ತೀಯ, ಕುತೂಹಲದಲ್ಲಿ ನೀನು ಥೇಟ್ ನಿನ್ನ ಅಪ್ಪ.

ಹೋದ ಗುರುವಾರ ಮೀಟಿಂಗ್‌ನಲ್ಲಿ ಮಾತಾಡಿದವಳು ನೀನೇ ಎಂದು ನನಗೆ ಗೊತ್ತಾಯಿತು.

ಪರದೆಯ ಮೇಲಿದ್ದದ್ದು ನಮಗೆ ಅನುದಾನ ಕೊಡುವ ದೇಶದ ಅಧಿಕಾರಿಯ ಮುಖವೊಂದೇ. ಅವರು ತಮ್ಮ ಭಾಷೆಯಲ್ಲಿ ಹೇಳಿದ್ದನ್ನು ಮುಖ ಕಾಣದ ದುಭಾಷಿ ನಮ್ಮ ಭಾಷೆಯಲ್ಲಿ ಹೇಳುತ್ತಿದ್ದಳು. ಅವರ ಸರ್ಕಾರ ಹೊರದೇಶಗಳಿಗೆ ಕೊಡುವ ನೆರವನ್ನು ಕಡಿತ ಮಾಡಿದೆ, ಧಾನ್ಯ ಸಂಶೋಧನೆ ಈ ತಿಂಗಳಿಗೇ ನಿಲ್ಲಬೇಕು ಎಂದಳು. ದನಿ ಯಾರದೆಂದು ಗಮನಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ. ಬಳಸದೆ ಉಳಿದ ಸಾಮಾನನ್ನೆಲ್ಲ ವಾಪಸ್ ಕಳಿಸಬೇಕು ಎನ್ನುತ್ತಾ, "ತೇವ ಅಳೆಯೋ ಯಂತ್ರ, ತಕ್ಕಡಿ, ತೆನೆಗೆ ಹಾಕೋ ಟೋಪಿಗಳು" ಎಂದಿತು ಆ ದನಿ.

ಬೇರೆ ಗಿಡದ ಪರಾಗ ತಾಗದಿರಲೆಂದು, ಹೂ ಬಿಡುವ ಮೊದಲೇ ಜೋಳದ ತೆನೆಗೆ ತೊಡಿಸುವ ಕಾಗದದ ಚೀಲವನ್ನು ಎಲ್ಲರೂ ಚೀಲವೆಂದೇ ಕರೆಯುತ್ತಾರೆ. ಟೋಪಿ ಎಂದವಳು ಪ್ರಪಂಚದಲ್ಲಿ ಒಬ್ಬಳೇ, ಅದೂ ಹಾಲುಹಲ್ಲು ಬೀಳುವ ಮುಂಚೆ. ನಿಮ್ಮಮ್ಮ ಏನು ಕೆಲಸ ಮಾಡ್ತಾರೆ ಎಂದು ಟೀಚರ್ ಕೇಳಿದಾಗ, ಟೋಪಿ ಹಾಕ್ತಾರೆ ಎಂದು ಹೇಳಿ ಇಡೀ ಶಾಲೆಯೆದುರು ನನ್ನ ಮಾನ ಕಳೆದವಳು.

ಪಕ್ಕದಲ್ಲಿದ್ದ ನಮ್ಮ ಡ್ರೈವರ್, ಟೋಪಿಯನ್ನಂತೂ ನಮಗೆ ಸರಿಯಾಗೇ ಹಾಕಿದ್ರು ಬಿಡಿ ಎಂದು ನಕ್ಕರು. ನನಗೆ ಅಳು ಬಂತು. ನೀನು ಆ ದೇಶದಲ್ಲಿ ದುಭಾಷಿಯೆಂದು ಗೊತ್ತಿತ್ತು, ಆ ಕಚೇರಿಯಲ್ಲೇ ಎಂದು ಗೊತ್ತಿರಲಿಲ್ಲ. ಇಷ್ಟು ವರ್ಷದ ಮೇಲೆ ನಿನ್ನ ದನಿ ಕೇಳಿದ್ದು ಹೀಗೆ.

ಅಪ್ಪ ಹೋದ ಮೇಲೆ ಕೆಲಸ ಬಿಟ್ಟು ನನ್ನ ಜೊತೆ ಬಂದಿರು ಎಂದೆ ನೀನು. ಈ ಬೆಳೆಯೊಂದು ಮುಗಿಯಲಿ ಎಂದೆ ನಾನು. ಪ್ರತಿ ಬೆಳೆಗೂ ಅದನ್ನೇ ಹೇಳಿದೆ. ನಿನಗೆ ನನಗಿಂತ ಜೋಳವೇ ಹೆಚ್ಚು ಎಂದು ನೀನು ಮಾತು ಬಿಟ್ಟೆ. ಯಾರದೆಷ್ಟು ತಪ್ಪು ಎಂದು ಈಗ ಪಾಲು ಮಾಡುತ್ತಾ ಕೂರುವುದಿಲ್ಲ. ಆದರೆ ಅಮ್ಮನ ಕೆಲಸ ನನ್ನ ಬಾಯಿಂದಲೇ ಹೋಯಿತು ಎಂದು ಕೊರಗುತ್ತಿದ್ದರೆ, ದಯವಿಟ್ಟು ಬಿಟ್ಟುಬಿಡು. ಮಾತು ಅವರದು, ನೀನು ದಾಟಿಸಿದೆ ಅಷ್ಟೆ.

ಇಲ್ಲಿ ಈಗ ನಾನೊಬ್ಬಳೇ. ಲ್ಯಾಬಿನವರೆಲ್ಲ ತಮ್ಮ ತಮ್ಮ ಲೋಟ, ಚಪ್ಪಲಿ ತೆಗೆದುಕೊಂಡು ಹೋದರು. ಮಳೆ ಕೈಕೊಟ್ಟರೂ ಕಾಳು ಕಟ್ಟುವ ತಳಿ ಇನ್ನೆರಡು ಬೆಳೆಯಾಗಿದ್ದರೆ ರೈತರ ಕೈ ಸೇರುತ್ತಿತ್ತು. ಅದರ ಬೀಜವನ್ನು ಇನ್ನೊಂದು ಕೇಂದ್ರದ ಶೀತಲ ಕೋಣೆಯವರು ಇಟ್ಟುಕೊಳ್ಳುತ್ತಾರಂತೆ. ಬಿತ್ತುವವರು ಯಾರೆಂದು ಅವರಿಗೂ ಗೊತ್ತಿಲ್ಲ. ಹೊಲದಲ್ಲಿ ಚೀಲ ಹಾಕದೆ ಬಿಟ್ಟ ತೆನೆಗಳಿಗೆ ಹಕ್ಕಿಗಳು ಮುತ್ತಿವೆ, ದಿನಾ ಹೋಗಿ ಓಡಿಸಿ ಬರುತ್ತೇನೆ. ಯೋಜನೆ ಮುಗಿದದ್ದು ಅವಕ್ಕೆ ಹೇಗೆ ಗೊತ್ತಾಗಬೇಕು? ಊಟದ ಡಬ್ಬಿ ಬಿಚ್ಚಿದರೆ ಪಕ್ಕದವರಿಗೆಂದು ಮುಚ್ಚಳಕ್ಕೆ ಒಂದು ಪಾಲು ಹಾಕಿರುತ್ತೇನೆ, ಆಮೇಲೆ ಅದನ್ನೂ ನಾನೇ ತಿನ್ನುತ್ತೇನೆ. ತುಂಬಾ ಒಂಟಿ ಅನ್ನಿಸುತ್ತದೆ, ಗುಬ್ಬಿ.

ಕೊನೆಯಲ್ಲಿ ಪ್ರಶ್ನೆಗಳಿದ್ದರೆ ಕೇಳಿ ಎಂದೆಯಲ್ಲ, ಉಳಿದವರೆಲ್ಲ ಸಂಬಳದ ಬಾಕಿ ಕೇಳಿದರು. ನಾನು ಎದ್ದು ನಿಂತು, ಅಲ್ಲಿ ಚಳಿ ಜಾಸ್ತೀನಾ, ಹೊತ್ತಿಗೆ ಸರಿಯಾಗಿ ಊಟ ಮಾಡ್ತೀರಾ ಎಂದು ಕೇಳಿದೆ. ಈ ಹೆಂಗಸಿಗೆ ತಲೆ ಕೆಟ್ಟಿದೆ ಎನ್ನುವಂತೆ ನಿರ್ದೇಶಕರು ನೋಡಿದರು. ನೀನು ಅದನ್ನು ಅಧಿಕಾರಿಗೆ ಹೇಳಿದೆ. ಅವರು ಏನೋ ಅಂದರು. "ಚಳಿ ಇದೆ. ಊಟ ಮಾಡ್ತೀವಿ. ಒಬ್ಬರಿಗೇ ಅಂತ ಅಡುಗೆ ಮಾಡೋಕೆ ಕೆಲವು ದಿನ ಬೇಜಾರಾಗುತ್ತೆ" ಎಂದು ನೀನು ನಮಗೆ ಹೇಳಿದೆ. ಪಾಪ, ಅಷ್ಟು ದೊಡ್ಡ ಅಧಿಕಾರಿಗೂ ಮನೆಯಲ್ಲಿ ಯಾರೂ ಇಲ್ಲವೇನೋ ಅಂದುಕೊಂಡೆ.

ಆರೋಗ್ಯ ನೋಡಿಕೋ. ಉತ್ತರ ಬರೆಯಲೇಬೇಕೆಂಬ ಬಲವಂತವಿಲ್ಲ.

ನಿನ್ನ
ಅಮ್ಮ

ತಾ.ಕ.: ಬೀಗದ ಕೈ ಒಪ್ಪಿಸಲು ಹೋಗಿದ್ದೆ, ಈಗಷ್ಟೇ ಬಂದೆ. ನಿರ್ದೇಶಕರಿಗೆ ಆ ದೇಶದ ಭಾಷೆ ಬರುತ್ತದೆ. ನನ್ನ ಪ್ರಶ್ನೆಗೆ ಆ ಅಧಿಕಾರಿ ಉತ್ತರವನ್ನೇ ಕೊಡಲಿಲ್ಲವಂತೆ, ಮುಂದಿನವರು ಕೇಳಲಿ ಎಂದಷ್ಟೇ ಅಂದರಂತೆ. ನಾನು ಬರಲಾ, ಗುಬ್ಬಿ?