ಡೇಲಿಯಾ ಪಾತಿಯ ಬಾಟಲಿ ಅಂಚು

28 ಮೇ, ಬುಧವಾರ

ಮತ್ತೆ ಒಂದು ಗಂಟೆ ಮೊಣಕಾಲೂರಿ ಹುಲ್ಲು ಕಿತ್ತೆ. ಹತ್ತು ದಿನಕ್ಕೆ ವಾಪಸ್ ಬರುತ್ತೆ. ಬಾಟಲಿಗಳ ಸಂದಿಯೇ ಅದಕ್ಕೆ ಹೆದ್ದಾರಿ. ಈ ಅಂಚು ಬದಲಾಯಿಸಲೇಬೇಕು.

ಮೂರು ವರ್ಷದ ಹಿಂದೆ ಕುಡಿತ ಬಿಟ್ಟಾಗ, ಷೆಡ್ಡಿನ ಖಾಲಿ ಬಾಟಲಿಗಳನ್ನೆಲ್ಲ ಪ್ರೆಬೆನ್ನೇ ತಲೆಕೆಳಗಾಗಿ ಹೂತು ಈ ಅಂಚು ಮಾಡಿದ್ದು. ಗಂಡನ ಮೇಲೆ ಆಗ ಎಷ್ಟು ಹೆಮ್ಮೆ ನನಗೆ. ಆದರೆ ಜೂನ್ 23ಕ್ಕೆ, ಸಂತ ಹಾನ್ಸ್ ಹಬ್ಬದ ಬೆಂಕಿ ಹಾಕೋ ದಿನ, ರಿಕ್ಕೆ ಬರ್ತಾಳೆ. ಮಗು ಕರ್ಕೊಂಡು, ಮೊದಲ ಸಲ. "ಅಪ್ಪ ಕುಡಿಯೋ ಮನೆಗೆ ಮಗೂನ ತರಲ್ಲ" ಅಂದಿದ್ದ ಮಗಳು. ಗೇಟು ತೆಗೆದಕೂಡ್ಲೆ ಬಾಟಲಿ ಸಾಲು ಕಾಣಬಾರದು.

31 ಮೇ, ಶನಿವಾರ

ತೋಟದ ಅಂಗಡಿ, ಪ್ರೆಬೆನ್ ಜೊತೆ. ಮರದ ಹಲಗೆ ತೋರಿಸಿದೆ — "ಎರಡು ಚಳಿಗಾಲಕ್ಕೆ ಕೊಳೆಯುತ್ತೆ ಕಣೇ." ಕಲ್ಲು — "ಹುಲ್ಲು ಕತ್ತರಿಸೋ ಮೆಷಿನ್ ಬ್ಲೇಡ್ ಹೋಗುತ್ತೆ." ಪ್ಲಾಸ್ಟಿಕ್ ನನಗೇ ಬೇಡ, ಮೊದಲ ಹಿಮಕ್ಕೆ ಮೇಲೆದ್ದು ಬರುತ್ತೆ. ಸ್ಟೀಲ್ ಪಟ್ಟಿ — "ಮಗು ಕಾಲು ಕುಯ್ಕೊಳ್ಳುತ್ತೆ."

"ಅಂಚು ಮಡಿಸಿದಾರೆ, ಮುಟ್ಟಿ ನೋಡೋ."

ಜೇಬಿನಿಂದ ಕೈ ತೆಗೀಲಿಲ್ಲ. "ಇರೋದೇ ಚೆನ್ನಾಗಿದೆಯಲ್ಲ, ಟೋವೆ."

ತಲೆ ಚಚ್ಚಿಕೊಳ್ಳೋ ಹಾಗಾಯ್ತು. ಸ್ಟೀಲ್ ಕೊಂಡೇ ಬಂದೆ. ಹದಿನಾಲ್ಕು ಮೀಟರ್.

10 ಜೂನ್, ಮಂಗಳವಾರ

ಪಟ್ಟಿ ಇನ್ನೂ ಷೆಡ್ಡಲ್ಲೇ. ಪ್ರೆಬೆನ್‌ಗೆ ಒಂದಿನ ಸೊಂಟ ನೋವು, ಒಂದಿನ ಮಳೆ, ಒಂದಿನ ನೆಲ ಗಟ್ಟಿ. ಅದೇ ಮಳೆಯಲ್ಲಿ ಸಂಜೆ ಪಾತಿಯ ಮೂಲೆಯಲ್ಲಿ ಕೂತು ಕಳೆ ಕೀಳೋಕೆ ಮಾತ್ರ ಸೊಂಟ ಸರಿ ಇರುತ್ತೆ. "ನಿನ್ನ ಗಂಡನಿಗೆ ಹೂವಿನ ಹುಚ್ಚು ಕಣೇ, ಪುಣ್ಯ ಮಾಡಿದ್ದೀಯ" ಅಂತ ಬೇಲಿಯಾಚೆಯಿಂದ ಪಕ್ಕದ ಮನೆ ಔಸೆ. ಪುಣ್ಯವಂತೆ.

ಆ ಮೂಲೆಯ ಬಾಟಲಿಗಳು ಅಲ್ಲಾಡ್ತಿವೆ. ಸುತ್ತ ಮಣ್ಣು ಸಡಿಲ. ಇಲಿ ಇರಬೇಕು. ಬೋನು ಇಟ್ಟೆ.

16 ಜೂನ್, ಸೋಮವಾರ

ಇಲಿ ಬೀಳಲಿಲ್ಲ. ಜಗಳ ಆಯ್ತು. ಆಯ್ತು ಅಂದ್ರೆ ನಾನೊಬ್ಬಳೇ ಆಡಿದೆ. ಅವನದು ಎಮ್ಮೆ ಮೇಲೆ ಮಳೆ ಸುರಿದ ಹಾಗೆ. "ನಾಳೆ ಹಾಕ್ತೀನಿ ಬಿಡೇ." ಯಾವ ನಾಳೆ...

20 ಜೂನ್, ಶುಕ್ರವಾರ, ಬೆಳಿಗ್ಗೆ 9

ಪ್ರೆಬೆನ್ ಓಡೆನ್ಸೆಗೆ ಹೋದ, ಹಲ್ಲಿನ ಡಾಕ್ಟರ ಹತ್ತಿರ. ಸಾಕು ಕಾದಿದ್ದು. ಗೂಟ ಹೊಡೆದೆ, ದಾರ ಕಟ್ಟಿದೆ. ಬಾಟಲಿ ಕೀಳೋದು ಸುಲಭ — ಒಂದೆರಡು ಸಲ ತಿರುಗಿಸಿದ್ರೆ ಬರುತ್ತೆ.

10.40

ಮೂಲೆಯಲ್ಲೊಂದು ಭಾರ. ಮುಚ್ಚಳ ಇದೆ. ಒಳಗೆ ಕುಲುಕಿತು. ತೆಗೆದು ಮೂಸಿದೆ. ಸ್ನಾಪ್ಸ್ ಸಾರಾಯಿ. ಅರ್ಧ ಖಾಲಿ.

ಇಲಿಯಂತೆ. ಬೋನು ಬೇರೆ ಇಟ್ಟೆ ನಾನು.

ಮಧ್ಯಾಹ್ನ 2

ಅಂಥವು ಏಳು ಸಿಕ್ಕವು. ಅಳು ಬರಲಿಲ್ಲ, ಸಿಟ್ಟು ಬಂತು. ಮೈಯೆಲ್ಲ ಸಿಟ್ಟು. ನಿಲ್ಲಿಸಲಿಲ್ಲ. ಸನಿಕೆಯಲ್ಲಿ ನೆಲ ಸೀಳಿ, ಪಟ್ಟಿ ಇಳಿಸಿ, ಮೇಲೆ ಮರದ ತುಂಡಿಟ್ಟು ಸುತ್ತಿಗೆಯಲ್ಲಿ ಬಡಿದೆ. ಹನ್ನೆರಡು ಮೀಟರ್. ನೆಟ್ಟಗೆ ಕೂತಿದೆ. ಸೇಬಿನ ಮರದ ಕಡೆ ಎರಡು ಮೀಟರ್ ಬಾಟಲಿ ಉಳಿದಿದೆ. ಕೈ ಬರಲಿಲ್ಲ. ಇನ್ನೊಂದು ಸಿಕ್ಕರೆ ಅನ್ನೋ ಭಯ.

ಸಂಜೆ 4.30

ಏಳನ್ನೂ ಅಡುಗೆಮನೆ ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದೆ. ಮಣ್ಣು ಒರೆಸಲಿಲ್ಲ. ಬಂದ. ನೋಡಿದ. ಕೋಟು ತೆಗೀಲಿಲ್ಲ.

"ಎಷ್ಟು ಸಿಕ್ತು?"

"ಏಳು."

ಸುಳ್ಳು ಹೇಳ್ತಾನೆ ಅಂದ್ಕೊಂಡೆ. ಹಳೇವು, ಮರೆತಿದ್ದೆ, ಅಂತೇನೋ. ಬೈಯೋಕೆ ತಯಾರಾಗಿ ನಿಂತಿದ್ದೆ.

"ಒಂಬತ್ತಿವೆ," ಅಂದ. "ಇನ್ನೆರಡು ಸೇಬಿನ ಮರದ ಹತ್ತಿರ."

ಕೋಟಿನಲ್ಲೇ ಹೊರಗೆ ಹೋದ. ಕಿಟಕಿಯಿಂದ ಕಾಣ್ತಿದೆ. ಮೊಣಕಾಲೂರಿದಾನೆ. ಒಂದು ಕಿತ್ತು ಹುಲ್ಲಿನ ಮೇಲಿಟ್ಟ.

ಫೋನು ಬಡ್ಕೊಳ್ತಿದೆ. ರಿಕ್ಕೆ. ಸೋಮವಾರ ಎಷ್ಟು ಹೊತ್ತಿಗೆ ಬರಲಿ ಅಂತ ಕೇಳೋಕಿರಬೇಕು. ಅವನು ಎರಡನೆಯದಕ್ಕೆ ಕೈ ಹಾಕಿದ್ದಾನೆ. ಕೀಳ್ತಿಲ್ಲ. ಹಾಗೇ ಹಿಡ್ಕೊಂಡು ಕೂತಿದ್ದಾನೆ. ಫೋನು ಇನ್ನೂ ಬಡ್ಕೊಳ್ತಿದೆ.