ಇನ್ನಾಸಪ್ಪನ ತಲೆಗೆ ಹಾಕಿದ ನೀರು

ದೇವದುರ್ಗ
೨೦ ಜನವರಿ ೨೦೨೫

ತಂಗಿ ಎಲಿಸಮ್ಮಗೆ ನಿನ್ನ ಚಂದ್ರಕ್ಕ ಪ್ರೀತಿಯಿಂದ ಬರೆಯುವುದು.

ರಾಯಚೂರಿನ ಆಸ್ಪತ್ರೆ ಬಿಟ್ಟು ಇಲ್ಲಿಗೆ ವರ್ಗವಾಗಿ ಬಂದು ತಿಂಗಳಾಯಿತು. ಮಾನ್ವಿಯಿಂದ ನೀನು ಕಳಿಸಿದ ಫೋಟೋ ನೋಡಿದೆ. ಇನ್ನಾಸಪ್ಪನ ಗಲ್ಲ ತುಂಬಿಕೊಂಡಿದೆ. ಫೆಬ್ರವರಿ ಎರಡರ ಭಾನುವಾರ ಚರ್ಚಿನಲ್ಲಿ ಅವನ ಜ್ಞಾನಸ್ನಾನ ಎಂದಿ. ಜ್ಞಾನಸ್ನಾನ ಒಬ್ಬರಿಗೆ ಒಂದೇ ಸಲವಂತೆ; ಆಸ್ಪತ್ರೆಯಲ್ಲೇ ನೀರು ಹಾಕಿದ್ದಾಗಿದ್ದರೆ ಮತ್ತೆ ಹಾಕುವಂತಿಲ್ಲ, ಉಳಿದ ವಿಧಿಯಷ್ಟೇ ಮಾಡಬೇಕು, ಅದಕ್ಕೆ ಅಂದು ನಡೆದದ್ದನ್ನು ನರ್ಸಬಾಯಿ ಬರೆದು ಕಳಿಸಲಿ ಎಂದು ಫಾದರ್ ಕೇಳಿದರಂತೆ. ಬರೆಯಲು ಕೂತಿದ್ದೇನೆ. ಆದರೆ ಮೊದಲು ನಿನ್ನ ಮುಂದೆ ಒಂದು ಮಾತು ಒಪ್ಪಿಕೊಳ್ಳಬೇಕು.

ಆ ಮಧ್ಯಾಹ್ನ ನಿನ್ನ ಹೊಟ್ಟೆಯ ಹೊಲಿಗೆ ಇನ್ನೂ ಹಸಿ. ಏಳು ತಿಂಗಳಿಗೇ ಹುಟ್ಟಿದ ಕೂಸು ಮೇಲಿನ ಮಹಡಿಯ ಗಾಜಿನ ಪೆಟ್ಟಿಗೆಯಲ್ಲಿತ್ತು. ಸಂಜೆ ದಾಟುವುದು ಕಷ್ಟ ಎಂದು ಡಾಕ್ಟರ್ ಹೇಳಿದ್ದರು. ಫಾದರ್ ಮಾನ್ವಿಯಿಂದ ಬರುವಷ್ಟು ಹೊತ್ತಿರಲಿಲ್ಲ. "ಅಕ್ಕಾ, ಜೀವಕ್ಕ ಬಂದಾಗ ಯಾರು ಹಾಕಿದರೂ ನಡೀತದರಿ. ನೀವು ನಮ್ಮವರ ಆಗಿರಬೇಕಂತಿಲ್ಲ" ಎಂದು, ಹೇಳಬೇಕಾದ ಮಾತನ್ನು ಎರಡು ಸಲ ಹೇಳಿಕೊಟ್ಟಿ.

ನಾನು ಮೇಲೆ ಹೋದೆ. ಹಾಕಲಿಲ್ಲ. ಅಲ್ಲಿ ಮಂದಿ ಇದ್ದರು. ನನ್ನದು ಸರ್ಕಾರಿ ನೌಕರಿ. ಮತಾಂತರ ಅಂತ ಯಾರಾದರೂ ಗುಲ್ಲೆಬ್ಬಿಸಿದರೆ ಎಂದು ಹೆದರಿದೆ. ಕೆಳಗೆ ಬಂದು "ಹಾಕೀನವ್ವಾ" ಎಂದು ಸುಳ್ಳು ಹೇಳಿದೆ. ನೀನು ನನ್ನ ಕೈ ಹಿಡಿದು ಕಣ್ಣಿಗೊತ್ತಿಕೊಂಡಿ. ನೀರು ಮುಟ್ಟಿರದ ಕೈ ಅದು. ಎರಡು ದಿನದಲ್ಲಿ ಮೊದಲ ಸಲ ನಿನಗೆ ನಿದ್ದೆ ಹತ್ತಿತು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಮತ್ತೆ ಮೇಲೆ ಹತ್ತಿದೆ. ಮಂದಿ ಇನ್ನೂ ಇದ್ದರು. ಕಾಯಿಸಿ ಆರಿಸಿದ ನೀರನ್ನು ಸಿರಿಂಜಿಗೆ ತುಂಬಿ, ಪೆಟ್ಟಿಗೆಯ ಕಿಂಡಿಯೊಳಗೆ ಕೈ ಹಾಕಿ, ತಲೆಯ ಮೇಲೆ ಮೂರು ಸಲ ಬಿಟ್ಟೆ. ಪಿತನ, ಸುತನ, ಪವಿತ್ರಾತ್ಮರ ಹೆಸರಿನಲ್ಲಿ ನಿನಗೆ ಜ್ಞಾನಸ್ನಾನ ಕೊಡುತ್ತೇನೆ ಎಂದು ಬಾಯಿಬಿಟ್ಟೇ ಹೇಳಿದೆ. ಮೂರನೆಯ ಸಲಕ್ಕೆ ಅವನು ಮುಖ ಕಿವುಚಿದ. ಆಯಾ ಶಹಜಾದಿ ಬೇಗಂ ಪಕ್ಕದಲ್ಲೇ ನಿಂತು ಎಲ್ಲ ನೋಡಿದರು. ಏನೂ ಕೇಳದೆ, ತಲೆ ಒರೆಸಲು ಮೆತ್ತನೆಯ ಬಟ್ಟೆ ಕೊಟ್ಟರು.

ಆಗ ನಾಲ್ಕೂ ಇಪ್ಪತ್ತು. ನಿನಗೆ ಹೇಳಿದ್ದಕ್ಕಿಂತ ಒಂದು ತಾಸು ತಡ. ಆ ತಾಸಿನಲ್ಲಿ ಕೂಸು ಹೋಗಿದ್ದರೆ ನಿನಗೆ ನಿಜ ಹೇಳುತ್ತಿದ್ದೆನೋ ಇಲ್ಲವೋ, ನನಗೇ ತಿಳಿಯದು. ಕ್ಷಮಿಸು. ನೀನು ಬೇಡ ಅನ್ನದಿದ್ದರೆ ಭಾನುವಾರ ಬಂದು ಹಿಂದಿನ ಬೆಂಚಿನಲ್ಲಿ ಕೂಡುತ್ತೇನೆ.

ನಿನ್ನ ಅಕ್ಕ,
ಚಂದ್ರಕಲಾ

ತಾ.ಕ.: ಫಾದರಿಗೆ ಇದನ್ನೂ ಹೇಳು. ನೀನು ಹೇಳಿದ್ದ ಹೆಸರು ಆ ಹೊತ್ತಿಗೆ ನನ್ನ ಬಾಯಿಗೆ ಬರಲಿಲ್ಲ. ಬಸವಪ್ರಸಾದ ಎಂದುಬಿಟ್ಟೆ. ನನ್ನ ಮಗನಿಗೆ ಇಡಬೇಕೆಂದಿದ್ದ ಹೆಸರು. ಹನ್ನೆರಡು ವರ್ಷದ ಹಿಂದೆ, ಕೊರಳಿಗೆ ಲಿಂಗ ಕಟ್ಟುವ ಮೊದಲೇ, ಮೂರನೇ ದಿನಕ್ಕೆ ಅವನು ಹೋದ. ಆ ಹೆಸರು ಹಿಡಿದು ನಾನು ಒಂದು ಕೂಸನ್ನು ಕರೆದದ್ದು ಅಂದೇ ಮೊದಲು.